ಕಲ್ಲಿನ ಮುಂದೆ ನಿಂತಾಗ 'ನಾವು' ಎಂದರೆ ಯಾರು?

ದಸರಾ ರಜೆಯೋ ಬೇಸಿಗೆ ರಜೆಯೋ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ 'ಒಂದು ದಿನದ ಪ್ರವಾಸ'ದ ಮಾತು ಶುರುವಾಗುತ್ತದೆ. ಬೆಳಗಿನ ಜಾವ ಮೂರೂವರೆಗೆ ಬಸ್ಸು ಹೊರಡಬೇಕು. ಶ್ರವಣಬೆಳಗೊಳ, ಹಳೇಬೀಡು, ಬೇಲೂರು ನೋಡಿಕೊಂಡು ನಡುರಾತ್ರಿಯ ಹೊತ್ತಿಗೆ ವಾಪಸ್ಸು ಬರಬೇಕು. ರಾಯಚರ್ಲು ಕಡೆಯ ಹಳ್ಳಿಗಳವರು ಹಿಂದಿನ ಸಂಜೆಯೇ ಪೇಟೆಯ ನೆಂಟರ ಮನೆಗೆ ಬಂದು ಮಲಗುತ್ತಾರೆ. ಬಸ್ಸಿನಲ್ಲಿ ಪುಳಿಯೋಗರೆಯ ಡಬ್ಬಿ ಇರುತ್ತದೆ, ಚಪಾತಿಯ ಗಂಟು ಇರುತ್ತದೆ. ಚಾಲಕ ಸುಪ್ರಭಾತ ಹಾಕುತ್ತಾನೆ. ದಾರಿಯ ಚಹಾದಂಗಡಿಯ ಹಿಂದೆ ಯಾರೋ ಇಬ್ಬರು ಹಿರಿಯರು ಫಜ್ರ್ ನಮಾಜು ಮುಗಿಸಿ ಬರುವವರೆಗೆ ಉಳಿದವರು ತಕರಾರಿಲ್ಲದೆ ಕಾಯುತ್ತಾರೆ. ಇಂಥ ಬಸ್ಸನ್ನು ಗೇಲಿ ಮಾಡುವುದು ವಿದ್ಯಾವಂತರಿಗೆ ಸುಲಭ. ಆದರೆ ವರ್ಷವಿಡೀ ದುಡಿದು, ಒಂದು ದಿನವನ್ನು ಎಂಟುನೂರು ವರ್ಷ ಹಳೆಯ ಕಲ್ಲುಗಳಿಗಾಗಿ ಎತ್ತಿಟ್ಟು, ನಿದ್ದೆಗೆಟ್ಟು ಹೊರಡುವ ಜನರ ಆಸೆ ಸಣ್ಣದಲ್ಲ. ಅದಕ್ಕಾಗಿಯೇ ಆ ಒಂದು ದಿನದಲ್ಲಿ ಅವರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯೂ ಸಣ್ಣದಲ್ಲ.

ಹಳೇಬೀಡಿಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. 1121ರ ಸುಮಾರಿಗೆ ವಿಷ್ಣುವರ್ಧನನ ಕಾಲದಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಕೆಲಸವನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಬೇಕು. ಅಲ್ಲಿ ನಮ್ಮ ಕಣ್ಣು ಗೈಡಿನ ಬಾಯಿಯ ಹಿಂದೆ ಓಡುತ್ತದೆ. ಅವನು ಆನೆಯ ಸಾಲು ತೋರಿಸಿದರೆ ಆನೆ, ಕುದುರೆಯ ಸಾಲು ತೋರಿಸಿದರೆ ಕುದುರೆ. ಕೂಗಳತೆಯಲ್ಲಿರುವ ಬಸದಿಹಳ್ಳಿಯ ಮೂರು ಬಸದಿಗಳಿಗೆ ಹೊತ್ತು ಇರುವುದಿಲ್ಲ. ಗೈಡನ್ನು ದೂರಿ ಪ್ರಯೋಜನವಿಲ್ಲ. ಅವನ ಸಂಪಾದನೆ ನಮ್ಮ ಖುಷಿಯ ಮೇಲೆ ನಿಂತಿದೆ. ಯಾವ ಮಾತಿಗೆ ಜನ ತಲೆದೂಗುತ್ತಾರೆ, ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೆ ಎಂಬುದನ್ನು ಅವನು ವರ್ಷಗಳ ರೂಢಿಯಿಂದ ಕಲಿತಿರುತ್ತಾನೆ. ಹೀಗೆ ಕಲಿತ ಮಾತುಗಳಲ್ಲಿ ಅತ್ಯಂತ ಚಿಕ್ಕದು ಇದು: "ನಮ್ಮವರು ಕಟ್ಟಿದರು, ಅವರು ಒಡೆದರು."

ಅಂಥ ಒಂದು ಪ್ರವಾಸದಲ್ಲಿ ಈ ಮಾತು ಕೇಳಿದಾಗ ನನ್ನ ಜೊತೆ ಅಕ್ಕನ ಮಗಳಿದ್ದಳು. ಏಳನೆಯ ತರಗತಿ. ಗುಂಪಿನಲ್ಲಿ ಒಬ್ಬಿಬ್ಬರು ನಮ್ಮ ಕಡೆ ತಿರುಗಿ ನೋಡಿ, ನೋಡಿದ್ದಕ್ಕೆ ತಾವೇ ಸಂಕೋಚಪಟ್ಟು ಮುಖ ತಿರುಗಿಸಿಕೊಂಡರು. ಹುಡುಗಿ ನನ್ನ ಅಂಗಿಯ ತೋಳು ಜಗ್ಗಿ ಮೆಲ್ಲಗೆ ಮನೆಮಾತಿನಲ್ಲಿ ಕೇಳಿದಳು: "ಮಾಮು, ಒಡೆದದ್ದು ನಾವಾ?"

ಈ ಪ್ರಶ್ನೆಯ ಭಾರವೆಲ್ಲ 'ನಾವು' ಎಂಬ ಎರಡಕ್ಷರದ ಮೇಲಿದೆ. ನಾನು ಮನೆಯಲ್ಲಿ ಆಡುವ ಉರ್ದುವಿನಲ್ಲಿ ಆ ಜಾಗಕ್ಕೆ ಇರುವುದು 'ಹಮ್' ಒಂದೇ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ 'ನಾವು' ಒಂದೇ. ಆದರೆ ಆಂಧ್ರದ ಗಡಿಗೆ ಅಂಟಿಕೊಂಡ ರಾಯಚರ್ಲು ಕಡೆ ತೆಲುಗು ಆಡುವವರಿಗೆ ಎರಡು 'ನಾವು'ಗಳಿವೆ. ಕೇಳುವವನನ್ನು ಹೊರಗಿಟ್ಟು ಹೇಳಿದರೆ 'ಮೇಮು', ಕೇಳುವವನನ್ನೂ ಸೇರಿಸಿಕೊಂಡು ಹೇಳಿದರೆ 'ಮನಮು'. ಅಕ್ಷರ ಬಾರದ ಅಜ್ಜಿಯೂ ಬಾಯಿ ತೆರೆಯುವ ಮುನ್ನ ಎದುರಿಗಿರುವವನು ಒಳಗಿನವನೋ ಹೊರಗಿನವನೋ ಎಂದು ತೀರ್ಮಾನ ಮಾಡಿರಲೇಬೇಕು. ಕನ್ನಡದಲ್ಲಿ ನಾವು ಈ ತೀರ್ಮಾನವನ್ನು ಮಾಡದೆಯೇ 'ನಾವು' ಎಂದುಬಿಡಬಹುದು. ಗೈಡಿನ 'ನಮ್ಮವರು' ಎಂಬ ಮಾತಿನಲ್ಲಿ ನನ್ನ ಅಕ್ಕನ ಮಗಳು ಒಳಗಿದ್ದಳೋ ಹೊರಗಿದ್ದಳೋ? ಅವಳ ಪ್ರಶ್ನೆಯಲ್ಲಿ ಗೈಡು ಒಳಗಿದ್ದನೋ ಹೊರಗಿದ್ದನೋ?

ಮಗುವಿಗೆ ಕೊಡಬಹುದಾದ ಸುಲಭದ ಉತ್ತರಗಳು ಎರಡಿವೆ. ಮೊದಲನೆಯದು, "ಹಾಗೇನೂ ಆಗಿಲ್ಲಮ್ಮ, ಎಲ್ಲ ಕಟ್ಟುಕತೆ" ಎನ್ನುವುದು. ಇದು ಸುಳ್ಳು. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಿತ್ತು. ಮುಂದೆ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿಯೂ ಆ ರಾಜಧಾನಿ ಪೆಟ್ಟು ತಿಂದಿತು. ಬೇಲೂರಿನಲ್ಲಿ 1397ರ ಶಾಸನವೊಂದಿದೆ. ಕಲುಬರಿಗೆಯಿಂದ ಬಂದ ತುರುಕ ಗಂಗ ಸಾಲಾರ ಎಂಬವನು ಗೋಪುರವನ್ನು ಸುಟ್ಟನೆಂದೂ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು ಅದನ್ನು ಮತ್ತೆ ಕಟ್ಟಿಸಿದನೆಂದೂ ಅದು ಹೇಳುತ್ತದೆ. ಶಾಸನ 'ತುರುಕ' ಎಂದೇ ಬರೆದಿದೆ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಇನ್ನೊಂದನ್ನೂ ಗಮನಿಸಬೇಕು. ಸುಟ್ಟ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಕೊರೆದ ಆ ಕಲ್ಲು ಸುಟ್ಟವನ ಹೆಸರನ್ನು ಹೇಳುತ್ತದೆ, ಅವನು ಬಂದ ಊರನ್ನು ಹೇಳುತ್ತದೆ. ಆರುನೂರು ವರ್ಷಗಳ ನಂತರ ನಾವು ಆ ಹೆಸರನ್ನು ಅಳಿಸಿ 'ಅವರು' ಎಂಬ ಸರ್ವನಾಮವನ್ನು ಹಾಕಿದ್ದೇವೆ. ಹೆಸರಿಗೆ ಒಬ್ಬ ಮನುಷ್ಯ ಮಾತ್ರ ಸಿಕ್ಕಿಬೀಳುತ್ತಾನೆ. ಸರ್ವನಾಮಕ್ಕೆ ಏಳನೆಯ ತರಗತಿಯ ಹುಡುಗಿಯೂ ಸಿಕ್ಕಿಬೀಳುತ್ತಾಳೆ.

ಎರಡನೆಯ ಸುಲಭದ ಉತ್ತರ, ಪಟ್ಟಿಗೆ ಎದುರು ಪಟ್ಟಿ ಹಿಡಿಯುವುದು. ಅದಕ್ಕೂ ಸರಕು ಇದೆ. 11ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿನ ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದ. ಹಾಗೆ ತಂದದ್ದೆಂದು ಆ ವಿಗ್ರಹದ ಮೇಲೆಯೇ ತಮಿಳಿನಲ್ಲಿ ಬರೆಸಿದ. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಅಲ್ಲಿನ ಬಾಲಕೃಷ್ಣನನ್ನು ತಂದು ಹಂಪಿಯಲ್ಲಿ ನೆಲೆಗೊಳಿಸಿದ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮತ್ತೆ ಪ್ರತಿಷ್ಠಾಪನೆಗೆ ನೆರವು ಕಳಿಸಿದವನು ಟಿಪ್ಪು ಸುಲ್ತಾನ. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇವೆಲ್ಲ ನಿಜ. ಓದಿಕೊಂಡ ಮುಸ್ಲಿಮರಿಗೆ ಈ ಪಟ್ಟಿ ಬಾಯಿಪಾಠವಾಗಿದೆ. ಆದರೆ ಮಗುವಿನ ಮುಂದೆ ಇದನ್ನು ಬಿಚ್ಚಿಟ್ಟರೆ ಅದು ಏನು ಕಲಿಯುತ್ತದೆ? ತಾನು ಒಂದು ಪಕ್ಷದವಳು, ಎದುರಿಗಿರುವವರು ಇನ್ನೊಂದು ಪಕ್ಷದವರು, ವಾದ ಮಾಡಿ ಗೆಲ್ಲಬೇಕು ಎಂದು. ನಿಜವೇ ಆದರೂ ಗುರಾಣಿಯಾಗಿ ಹಿಡಿದ ಮಾತು ನಮ್ಮ ಕಣ್ಣಿಗೇ ಅಡ್ಡ ಬರುತ್ತದೆ. ಎರಡೂ ಕಡೆ ವಕೀಲರೇ ತುಂಬಿ ಸಾಕ್ಷಿಯೇ ಇಲ್ಲದ ಕೋರ್ಟಿನಲ್ಲಿ ಕಲ್ಲಿಗೆ ನ್ಯಾಯ ಸಿಗುವುದಿಲ್ಲ.

ಹಾಗಾದರೆ 'ನಮ್ಮವರು ಕಟ್ಟಿದರು' ಎಂಬ ಮೊದಲರ್ಧವಾದರೂ ಗಟ್ಟಿಯೇ? ಹೊಯ್ಸಳ ಗುಡಿಗಳ ದೊಡ್ಡ ಗುಣವೆಂದರೆ ಕೆತ್ತಿದವರು ತಮ್ಮ ಹೆಸರು ಬರೆದಿರುವುದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸಿಗುತ್ತಾರೆ. ಅವರ ಸಂತತಿ ಇಂದು ಎಲ್ಲಿದೆಯೋ, ಯಾವ ಕೆಲಸ ಮಾಡುತ್ತಿದೆಯೋ, ಯಾವ ದೇವರಿಗೆ ಕೈಮುಗಿಯುತ್ತಿದೆಯೋ ಯಾರಿಗೆ ಗೊತ್ತು? ಬಳಪದ ಕಲ್ಲನ್ನು ಗಣಿಯಿಂದ ಎತ್ತಿದವರು, ಗಾಡಿ ಹೊಡೆದವರು ಹೆಸರನ್ನೂ ಬಿಟ್ಟುಹೋಗಲಿಲ್ಲ. ಬಸ್ಸಿನಲ್ಲಿ ನಮ್ಮ ಜೊತೆ ಹೆಮ್ಮೆಪಟ್ಟು ತಲೆದೂಗಿದವರಲ್ಲಿ ಎಷ್ಟೋ ಮಂದಿಯ ಮುತ್ತಜ್ಜಂದಿರಿಗೆ ಗುಡಿಯ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಮೇಲುಕೋಟೆಯಲ್ಲಿ ಹೊಲೆಯರಿಗೆ ವರ್ಷಕ್ಕೆ ಮೂರು ದಿನ ಪ್ರವೇಶ ಕೊಟ್ಟದ್ದನ್ನೇ ಶತಮಾನಗಳ ಕಾಲ ದೊಡ್ಡ ಉದಾರತೆಯೆಂದು ನೆನೆಯಲಾಯಿತು. ಅಂದಮೇಲೆ 'ನಮ್ಮವರು' ಎಂಬುದು ಕಟ್ಟಿದ ಕಡೆಗೂ ಸಡಿಲ, ಒಡೆದ ಕಡೆಗೂ ಸಡಿಲ.

ಇಲ್ಲಿ ನಮ್ಮ ಮನೆಗಳ ಆಸ್ತಿ ಹಂಚಿಕೆಯ ರೂಢಿಯೊಂದು ನನಗೆ ದಾರಿ ತೋರಿಸುತ್ತದೆ. ತಂದೆ ತೀರಿಕೊಂಡರೆ ಮಕ್ಕಳು ಪಾಲು ಕೇಳುವ ಮೊದಲು ಅವನ ಸಾಲ ತೀರಬೇಕು. ಬಿಟ್ಟುಹೋದ ಆಸ್ತಿಯಲ್ಲಿ ಮೊದಲು ಸಾಲಗಾರರ ಬಾಬ್ತು, ಆಮೇಲೆ ವಾರಸುದಾರರ ಪಾಲು. ಆದರೆ ತಂದೆ ಮಾಡಿದ ತಪ್ಪಿಗೆ ಮಗನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಸಾಲ ಬೇರೆ, ಪಾಪ ಬೇರೆ. ಚರಿತ್ರೆಯ ವಿಷಯದಲ್ಲೂ ಇದೇ ನ್ಯಾಯ ಸರಿ ಎನ್ನಿಸುತ್ತದೆ. ಗೋಲಗುಮ್ಮಟ ನಮ್ಮದು ಎಂದು ಎದೆಯುಬ್ಬಿಸುವ ಮುಸ್ಲಿಮನಿಗೆ ಗಂಗ ಸಾಲಾರ ನಮ್ಮವನಲ್ಲ ಎನ್ನುವ ಅಧಿಕಾರವಿಲ್ಲ. ಹಳೇಬೀಡು ನಮ್ಮದು ಎಂದು ಎದೆಯುಬ್ಬಿಸುವವನಿಗೆ ಹೊಸ್ತಿಲ ಹೊರಗೆ ನಿಂತವರ ಲೆಕ್ಕ ನಮಗೆ ಸೇರಿದ್ದಲ್ಲ ಎನ್ನುವ ಅಧಿಕಾರವಿಲ್ಲ. ಪಾಲು ಬೇಕಾದವರು ಸಾಲವನ್ನೂ ಹೊರಬೇಕು. ಈ ನೆಲದಲ್ಲಿ ಬದುಕುವವರೆಲ್ಲ 'ಮನಮು' ಎಂದುಕೊಂಡು ಇಡೀ ಆಸ್ತಿಯನ್ನೂ ಇಡೀ ಸಾಲವನ್ನೂ ಒಟ್ಟಿಗೆ ಹೊರುವುದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಸಾಲ ಹೊರುವುದೆಂದರೆ ಏನು? ಮೊದಲನೆಯದು ಸಾಕ್ಷಿ ಹೇಳುವುದು. ಸಾಕ್ಷಿ ಎಂಬ ಮಾತಿನೊಳಗೇ 'ಅಕ್ಷಿ' ಇದೆ. ಕಣ್ಣಿದ್ದವನು ಮಾತ್ರ ಸಾಕ್ಷಿ. ನಿಮ್ಮ ವಿರುದ್ಧವೇ ಆಗಲಿ, ಹೆತ್ತವರ, ಬಂಧುಗಳ ವಿರುದ್ಧವೇ ಆಗಲಿ, ನ್ಯಾಯದ ಸಾಕ್ಷಿ ಹೇಳಿ ಎಂಬ ಅರ್ಥದ ಆದೇಶ ಕುರ್‌ಆನಿನಲ್ಲಿದೆ. ಹಾಗೆ ಸಾಕ್ಷಿ ಹೇಳಲು ನಮ್ಮ ಸೀಮೆಯವರು ಹಳೇಬೀಡಿಗೆ ಹೋಗಬೇಕಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದಲ್ಲಿ. ಅವಳನ್ನು ಬಿಡಿಸಿದವರು 1767ರಲ್ಲಿ ಬಂದ ಮರಾಠರು. ಕೋಟೆ ಹತ್ತುವ ಹುಡುಗರು ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂದು ಕೂಗುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಆ ಬಂಡೆಯ ಮೇಲೆ ನಾಲ್ಕು ವರ್ಷ ಆಕಾಶ ನೋಡುತ್ತ ಕೂತ ಹೆಣ್ಣೊಬ್ಬಳಿದ್ದಳು ಎಂಬುದನ್ನು ಯಾರೂ ಹೇಳುವುದಿಲ್ಲ. ಹೈದರಲಿಯ ಮೇಲೆ ಅಭಿಮಾನವುಳ್ಳ ಮುಸ್ಲಿಮರೇ ಅದನ್ನು ಮೊದಲು ಹೇಳಿದರೆ ಆ ಅಭಿಮಾನಕ್ಕೂ ಒಂದು ತೂಕ ಬರುತ್ತದೆ.

ಹೀಗೆಯೇ ಶಿರಾ. 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರವಾಗಿದ್ದ ಊರು. ಬಿಜಾಪುರದ ಕಾಲದ ಸುಬೇದಾರ ಮಲಿಕ್ ರಿಹಾನನ 1651ರ ಗೋರಿ ಅಲ್ಲಿದೆ, 1696ರ ಜಾಮಿಯಾ ಮಸೀದಿ ಇದೆ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಗೆಜೆಟಿಯರ್ ಹೇಳುವ ದಿಲಾವರ್ ಖಾನನ ಅರಮನೆ ಅಳಿದುಹೋಗಿದೆ. ಟಿಪ್ಪು ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತದಿಂದ ಎಬ್ಬಿಸಿದನೆಂದು ಅದೇ ಗೆಜೆಟಿಯರ್ ಬರೆಯುತ್ತದೆ. ಇಂದು ಶಿರಾದ ಜನ ನಸುಕಿನಲ್ಲೆದ್ದು ಬಸ್ಸು ಹಿಡಿದು ಗಂಜಾಮಿನ ಗುಂಬಜ್ ನೋಡಿ ಬರುತ್ತಾರೆ. ತಮ್ಮದೇ ಊರಿನ ಒಲೆಗಳು ಆರಿ ಆ ಊರಿನ ಒಲೆಗಳು ಹೊತ್ತಿದವು ಎಂದು ಅವರಿಗೆ ಯಾವ ಗೈಡೂ ಹೇಳುವುದಿಲ್ಲ. ಮಲಿಕ್ ರಿಹಾನನ ಗೋರಿಯನ್ನು ನೋಡಲು ಯಾವ ಊರಿನಿಂದಲೂ ಮೂರೂವರೆಯ ಬಸ್ಸು ಹೊರಡುವುದಿಲ್ಲ.

ಒಂದು ದಿನ ನಕ್ಕು ನಲಿದು ಬರಲು ಹೊರಟವರ ಮೇಲೆ ಇಷ್ಟೆಲ್ಲ ಭಾರ ಹೊರಿಸಬೇಕೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಎಲ್ಲರೂ ಪಂಡಿತರಾಗಬೇಕಿಲ್ಲ, ಮಕ್ಕಳು ಆನೆಯ ಸಾಲು ಎಣಿಸಿ ಖುಷಿಪಟ್ಟರೆ ಸಾಕು. ಆದರೆ ಗೈಡು 'ಅವರು' ಎಂದ ಕ್ಷಣದಲ್ಲಿ ಭಾರ ಆಗಲೇ ಬಿದ್ದಾಗಿದೆ. ಅದು ಯಾರ ಮೇಲೆ ಬಿತ್ತು ಎಂಬುದಷ್ಟೇ ಪ್ರಶ್ನೆ. ಅಕ್ಕನ ಮಗಳಿಗೆ ಆ ದಿನ ನಾನು ಹೇಳಿದ್ದು ಇಷ್ಟೇ: "ಸುಟ್ಟವನ ಹೆಸರು ಗಂಗ ಸಾಲಾರ, ಕೆತ್ತಿದವನ ಹೆಸರು ದಾಸೋಜ. ಇಬ್ಬರೂ ನೀನಲ್ಲ. ಇದನ್ನು ಕಾಪಾಡಬೇಕಾದವರಲ್ಲಿ ಮಾತ್ರ ನೀನೂ ಒಬ್ಬಳು." ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಬೇಲೂರಿಗೆ ಬಂದಾಗ ಗೋಡೆಯ ಮೇಲೆ ಹೆಸರುಗಳನ್ನು ಹುಡುಕುತ್ತಿದ್ದಳು.

ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಕುರ್‌ಆನ್ ಪಠಿಸುವ ಪದ್ಧತಿ ನಡೆದುಬಂದಿತ್ತು. 2022ರಲ್ಲಿ ಅದಕ್ಕೆ ವಿರೋಧ ಎದ್ದರೂ ಆ ವರ್ಷ ಪಠಣ ನಡೆಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂದರೆ ಈ ಕಲ್ಲುಗಳ ವಿಷಯದಲ್ಲಿ ಇಡೀ ಜಗತ್ತು 'ಮನಮು' ಎಂದು ಹೇಳಿದೆ. ಒಂದೇ ಬಸ್ಸಿನಲ್ಲಿ ಕೂತು, ಒಂದೇ ಡಬ್ಬಿಯ ಪುಳಿಯೋಗರೆ ತಿಂದವರಿಗೆ ಆ ಮಾತು ಅಷ್ಟೊಂದು ಕಷ್ಟವಾಗಬಾರದು. ಗೈಡು 'ಅವರು' ಎಂದಾಗ ಜಗಳವಾಡಬೇಕಿಲ್ಲ. "ಅವರ ಹೆಸರೇನು ಸ್ವಾಮಿ, ಯಾವ ವರ್ಷ?" ಎಂದು ವಿನಯದಿಂದ ಕೇಳಿದರೆ ಸಾಕು. ಉತ್ತರ ಗೊತ್ತಿದ್ದರೆ ಎಲ್ಲರೂ ಕಲಿಯುತ್ತಾರೆ, ಗೊತ್ತಿಲ್ಲದಿದ್ದರೆ ಮುಂದಿನ ಬಸ್ಸು ಬರುವಷ್ಟರಲ್ಲಿ ಅವನೂ ಓದಿಕೊಂಡಿರಬಹುದು.