ಬರೆದರೆ ಅದು ಹೇಳಿಕೆ ಆಯ್ತದೆ

ಚನ್ನರಾಯಪಟ್ಟಣದ ಒಂದು ಟೀ ಅಂಗಡಿಯಲ್ಲಿ ಸಂಜೆ ಹೊತ್ತು ಒಬ್ಬಾತ ಕತೆ ಹೇಳುತ್ತಾನೆ. ಅರಕಲಗೂಡು ಕಡೆಯವನು. ತೆಂಗಿನಕಾಯಿ ಕೀಳುವ ಕೂಲಿಗೆ ಬಂದು ಇಲ್ಲೇ ನಿಂತವನು. ಪ್ರಾಯದಲ್ಲಿ ಯಾರದೋ ತೋಟಕ್ಕೆ ನುಗ್ಗಿ ಕಾಯಿ ಕದ್ದು, ಸಿಕ್ಕಿಬಿದ್ದು, ಶಿಕ್ಷೆಯಾಗಿ ಆರು ತಿಂಗಳು ಜೈಲಿನಲ್ಲಿದ್ದು ಬಂದ. ಅದನ್ನು ಆತ ಹೇಳುವುದನ್ನು ಕೇಳಬೇಕು. ಕತ್ತಲಲ್ಲಿ ಮರ ಹತ್ತಿದ್ದು, ತೋಟದ ಯಜಮಾನ ಬಂದು ಅದೇ ಮರದ ಬುಡಕ್ಕೆ ಉಚ್ಚೆ ಹೊಯ್ಯಲು ನಿಂತದ್ದು, ಮೇಲೆ ಇವನು ಉಸಿರು ಬಿಗಿಹಿಡಿದದ್ದು, ಕೈಯೊಳಗಿನ ಕಾಯಿ ಜಾರಿದ್ದು. ಅಷ್ಟು ಹೇಳಿ ಮಾತು ನಿಲ್ಲಿಸಿ ಟೀ ಕುಡಿಯುತ್ತಾನೆ. ಆ ನಿಲ್ಲಿಸುವ ಜಾಗ ಇದೆಯಲ್ಲ, ಅದು ನಮ್ಮ ಎಷ್ಟೋ ಕತೆಗಾರರಿಗೆ ಇನ್ನೂ ಗೊತ್ತಿಲ್ಲ.

ಒಂದು ದಿನ ನಾನೇ ಹೇಳಿದೆ: 'ಅಣ್ಣಾ, ನೀನು ಹೇಳ್ತಾ ಹೋಗು, ನಾನು ಬರ್ಕೊತೀನಿ. ನಿನ್ನ ಹೆಸರಲ್ಲೇ ಅಚ್ಚು ಹಾಕ್ಸಾನ.'

ಆತನ ನಗು ಅಲ್ಲಿಗೇ ನಿಂತಿತು. 'ಬ್ಯಾಡ ಕಣಪ್ಪ. ಬಾಯಲ್ಲಿ ಹೇಳಿದ್ರೆ ಕತೆ. ಬರುದ್ರೆ ಅದು ಹೇಳಿಕೆ ಆಯ್ತದೆ.'

ಓದು ಬಲ್ಲ ಜನ ಕೇಳುವ ಪ್ರಶ್ನೆ ಬೇರೆ. ಅಪರಾಧ ಮಾಡಿದವನು ಅದನ್ನೇ ಕತೆ ಮಾಡಿ ಹೆಸರು, ದುಡ್ಡು ಗಳಿಸುವುದು ಸರಿಯೇ ಎಂದು ಅವರು ಕೇಳುತ್ತಾರೆ. ಕನ್ನಡದಲ್ಲಿ ಈ ಪ್ರಶ್ನೆ ಎತ್ತಿದೊಡನೆ ನೆನಪಾಗುವ ಹೆಸರು ಅಗ್ನಿ ಶ್ರೀಧರ್. ಬೆಂಗಳೂರಿನ ಭೂಗತ ಲೋಕದಿಂದ ಬಂದು ಬರಹಗಾರರಾದವರು. ಜೈಲನ್ನೂ ಕಂಡವರು. 'ದಾದಾಗಿರಿಯ ದಿನಗಳು' ಬರೆದರು. 2007ರಲ್ಲಿ 'ಆ ದಿನಗಳು' ಸಿನಿಮಾ ಬಂತು. ಅದರ ಚಿತ್ರಕತೆಯಲ್ಲಿ ಅವರ ಜೊತೆ ಗಿರೀಶ ಕಾರ್ನಾಡರೂ ಇದ್ದರು. ಅವರು ಬರೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಮಾಡಿದ್ದನ್ನು ಮಾಡಿದೆ ಅನ್ನುವವನ ಬಾಯಿಗೆ ಬೀಗ ಹಾಕಲು ನಾವು ಯಾರು? ಆದರೆ ಆ ಪ್ರಶ್ನೆ ಬರೆಯಲು ಆದವನನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. ಬರೆಯಲು ಹೆದರಿದವನ ಸುದ್ದಿಗೇ ಹೋಗುವುದಿಲ್ಲ.

ಟೀ ಅಂಗಡಿಯ ಅಣ್ಣ ಹೇಳಿದ 'ಹೇಳಿಕೆ' ಏನು ಅಂತ ನೋಡಿ. ಪೊಲೀಸು ಕಾಗದದಲ್ಲಿ ಅದಕ್ಕೆ 'ಸ್ವಇಚ್ಛಾ ಹೇಳಿಕೆ' ಅನ್ನುತ್ತಾರೆ. 'ನಾನು' ಅಂತಲೇ ಶುರುವಾಗುತ್ತದೆ. ಹುಟ್ಟಿದ ಊರು, ಅಪ್ಪನ ಹೆಸರು, ಜಾತಿ, ಕಸುಬು, ಆಮೇಲೆ ಕೃತ್ಯ. ಕೊನೆಗೆ ಓದಿಸಿ ಕೇಳಿದೆ, ಸರಿ ಇದೆ ಅಂತ ಒಂದು ಸಾಲು, ಅದರ ಕೆಳಗೆ ಹೆಬ್ಬೆಟ್ಟು. ನಮ್ಮ ಕೇರಿಯ ಎಷ್ಟೋ ಜನರ ಬದುಕಿನಲ್ಲಿ ಅವರ ಬಗ್ಗೆ ಅಂತ ಬರೆದ ಮೊದಲ ಮತ್ತು ಕೊನೆಯ ಆತ್ಮಕತೆ ಇದೇ. ಬರೆದವನು ಬೇರೆ, ಭಾಷೆ ಬೇರೆಯವರದು, ಹೆಸರು ಮಾತ್ರ ಇವರದು. ಕಾನೂನೇ ಅದನ್ನು ನಂಬುವುದಿಲ್ಲ ಅನ್ನುವುದು ಇದರ ತಮಾಷೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯ ಮಾಡಿಕೊಳ್ಳುವಂತಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಆ ಮಾತಿನಿಂದ ಮಾಲು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಅಂದರೆ ಆ ಕಾಗದದ ಬಹುಪಾಲು ಕೋರ್ಟಿನ ಕಣ್ಣಲ್ಲಿ ಬರೀ ಕಟ್ಟುಕತೆಗೆ ಸಮ. ಕೋರ್ಟು ನಂಬದ ಕತೆಯನ್ನು ಊರು ನಂಬುತ್ತದೆ, ಮದುವೆಗೆ ಹೆಣ್ಣು ಕೇಳಲು ಹೋದ ಮನೆ ನಂಬುತ್ತದೆ.

ಹಳೆಯ ಪತ್ತೇದಾರಿ ಕಾದಂಬರಿಗಳನ್ನು ನಾನೂ ಓದಿ ಬೆಳೆದವನು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ನಿದ್ದೆಗೆಟ್ಟವನು. ಓದುವ ಚಟ ಹತ್ತಿಸಿದ ಋಣ ಅವರಿಗಿದೆ. ಆದರೆ ಆ ಜಾತಿಯ ಪುಸ್ತಕದಲ್ಲಿ ಕಳ್ಳ ಸಿಕ್ಕಿದ ಪುಟಕ್ಕೆ ಕತೆ ಮುಗಿಯುತ್ತದೆ. ನಮ್ಮವರ ಕತೆ ಶುರುವಾಗುವುದೇ ಆ ಪುಟದಿಂದ.

ಇನ್ನು ಹುಟ್ಟಿದ ಕೂಡಲೇ ಕಳ್ಳರಾದವರ ಮಾತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ ಇಡೀ ಸಮುದಾಯಗಳನ್ನೇ ಕಳ್ಳರ ಪಟ್ಟಿಗೆ ಸೇರಿಸಿದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಬೇಲಿಯೊಳಗೆ ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯ್ದೆ 1952ರಲ್ಲಿ ಹೋಯಿತು, ಕಳ್ಳರೆಂಬ ಹೆಸರು ಹೋಗಲಿಲ್ಲ. ಮರಾಠಿಯ ಲಕ್ಷ್ಮಣ ಗಾಯಕವಾಡ ಬರೆದ 'ಉಚಲ್ಯಾ'ಕ್ಕೆ 1988ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಉಚಲ್ಯಾ ಅಂದರೆ ಎತ್ತುವವನು, ಕಿಸೆಗಳ್ಳ. ಅದೇ ಅವರ ಜಾತಿಯ ಹೆಸರು. ಅಪರಾಧ ಮಾಡಿದ ಮೇಲೆ ಅಪರಾಧಿ ಅನ್ನಿಸಿಕೊಳ್ಳುವ ಭಾಗ್ಯವೂ ಅವರಿಗಿರಲಿಲ್ಲ. ಜೈಲಿನ ಒಳಗಾದರೂ ಸಮಾನತೆ ಇತ್ತೇ? ಇಂಥ ಜಾತಿಯವರು ಕಕ್ಕಸು ಬಳಿಯಬೇಕು, ಇಂಥವರು ಅಡಿಗೆ ಮಾಡಬೇಕು ಎಂದು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಬರೆದಿತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಕೋರ್ಟಿಗೆ ಹೋದ ಮೇಲೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಅಳಿಸಿ ಎಂದಿತು. ಸ್ವಾತಂತ್ರ್ಯ ಬಂದು 77 ವರ್ಷವಾಗಿತ್ತು.

ಈ ಗೋಡೆ ದಾಟಿ ಬರೆದವರೂ ಇದ್ದಾರೆ. ಅಮೆರಿಕದ ಕರಿಯ ಚೆಸ್ಟರ್ ಹೈಮ್ಸ್ 19ನೇ ವಯಸ್ಸಿನಲ್ಲಿ, 1928ರಲ್ಲಿ, ದರೋಡೆಗೆ 20ರಿಂದ 25 ವರ್ಷದ ಶಿಕ್ಷೆ ಪಡೆದ. ಒಹಾಯೋ ಜೈಲಿಗೆ 1930ರಲ್ಲಿ ಬೆಂಕಿ ಬಿದ್ದು 322 ಕೈದಿಗಳು ಸತ್ತದ್ದನ್ನು ಕಂಡ. ಅದನ್ನೇ ಕತೆ ಮಾಡಿದ. 1934ರಲ್ಲಿ ಎಸ್ಕ್ವೈರ್ ಪತ್ರಿಕೆ ಅವನ ಒಂದು ಕತೆಯನ್ನು ಹೆಸರಿನ ಬದಲು ಕೈದಿ ನಂಬರಿನಲ್ಲಿ ಅಚ್ಚು ಹಾಕಿತು: 59623. ಬಿಡುಗಡೆಯಾಗಿ ಎಷ್ಟೋ ವರ್ಷದ ಮೇಲೆ, ಪ್ಯಾರಿಸಿನಲ್ಲಿ ಕೂತು ಹಾರ್ಲೆಮ್ಮಿನ ಪತ್ತೇದಾರಿ ಕಾದಂಬರಿ ಬರೆದ. 1958ರಲ್ಲಿ ಫ್ರಾನ್ಸಿನವರು ಪ್ರಶಸ್ತಿ ಕೊಟ್ಟರು. ಸ್ವಂತ ದೇಶದಲ್ಲಿ ಕರಿಯನ ಕತೆಗೆ ಸಿಗದ ಮರ್ಯಾದೆ ಹೊರಗೆ ಸಿಕ್ಕಿತು. ನಮ್ಮಲ್ಲಿ ಬಂಗಾಳದ ಮನೋರಂಜನ್ ಬ್ಯಾಪಾರಿ ಕಲ್ಕತ್ತೆಯ ಜೈಲಿನಲ್ಲೇ ಅಕ್ಷರ ಕಲಿತ ದಲಿತ. ಹೊರಗೆ ಬಂದು ಸೈಕಲ್ ರಿಕ್ಷಾ ತುಳಿಯುವಾಗ ಮಹಾಶ್ವೇತಾ ದೇವಿ ಸಿಕ್ಕಿದರು. ಲೇಖಕರಾದರು, 2021ರಲ್ಲಿ ಶಾಸಕರೂ ಆದರು.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ನಾನು ಅರ್ಧ ಮಾತಾಡಿದಂತೆ. ಬಡವನ ಕಳ್ಳತನವೆಲ್ಲ ಬಂಡಾಯ ಅಂತ ನಾವು ಒಂದು ಕಾಲದಲ್ಲಿ ಕುಣಿದೆವು. ಹಾಗಲ್ಲ. ಪೆಟ್ಟು ಕೊಟ್ಟವನು ಕತೆ ಹೇಳುವಾಗ ಪೆಟ್ಟು ತಿಂದವನು ಎಲ್ಲಿರುತ್ತಾನೆ? ದಾದಾಗಿರಿಯ ಕತೆ ಓದಿದ ಎಷ್ಟೋ ಹುಡುಗರಿಗೆ ಲಾಂಗು, ಗತ್ತು ಇಷ್ಟೇ ಕಂಡಿತು. ಶ್ರೀಧರ್ ಅವರದೇ 'ಎದೆಗಾರಿಕೆ' ನನಗೆ ಅದಕ್ಕಿಂತ ದೊಡ್ಡದು. ಅದರಲ್ಲಿ ಕೊಲ್ಲಬೇಕಾದವನು ಸಾಯಬೇಕಾದವನ ಜೊತೆ ಕೂತು ಹೊತ್ತು ಕಳೆಯಬೇಕು. ಸಾಯುವವನಿಗೂ ಮುಖ ಇದೆ, ಮಾತು ಇದೆ. ನಮ್ಮ ಜಿಲ್ಲೆಯನ್ನೇ ನೋಡಿ. 2025ರ ಆಗಸ್ಟಿನಲ್ಲಿ ಹಾಸನದ ಮಾಜಿ ಸಂಸದನೊಬ್ಬನಿಗೆ ಅತ್ಯಾಚಾರದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಆಯಿತು. ದೂರು ಕೊಟ್ಟಾಕೆ ಹೊಳೆನರಸೀಪುರದ ಅವರ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಆಕೆಯ ಹೆಸರು ಅಚ್ಚು ಹಾಕುವಂತಿಲ್ಲ, ಹಾಕಲೂಬಾರದು, ಅದು ಆಕೆಗಿರುವ ರಕ್ಷಣೆ. ಆದರೆ ನಾಳೆ ಯಾರೋ ಇದನ್ನು ಕಾದಂಬರಿ ಮಾಡಲು ಕೂತರೆ ದೊಡ್ಡ ಮನೆ, ದೊಡ್ಡ ರಾಜಕಾರಣ, ದೊಡ್ಡ ಪತನ ಅಂತ ಬರೆಯುತ್ತಾರೋ, ಆ ತೋಟದ ಮನೆಯ ಕಸ ಗುಡಿಸಿದ ಕೈ ಕಡೆಯಿಂದ ಬರೆಯುತ್ತಾರೋ?

ಟೀ ಅಂಗಡಿಯ ಅಣ್ಣ ಒಂದು ರಾತ್ರಿ ಬೇರೆ ಕತೆ ಹೇಳಿದ. ನಗಲಿಲ್ಲ. ಜೈಲಿನಿಂದ ಬಂದ ವರ್ಷ, ಕೂಲಿ ಯಾರೂ ಕೊಡದೆ ಇದ್ದಾಗ, ತನ್ನದೇ ಕೇರಿಯ ಒಬ್ಬ ವಿಧವೆ ಮಡಕೆಯಲ್ಲಿ ಇಟ್ಟಿದ್ದ ಚೀಟಿ ದುಡ್ಡು ಕದ್ದಿದ್ದ. ಅದಕ್ಕೆ ಕೇಸಾಗಲಿಲ್ಲ. ಊರು ಬಿಟ್ಟದ್ದು ಅದಕ್ಕೇ. 'ಬರಿಯಂಗಿದ್ರೆ ಇದ ಬರಿ. ಕಾಯಿ ಕದ್ದದ್ದು ಬ್ಯಾಡ. ಆದ್ರೆ ಆಯಮ್ಮನ್ನ ಕೇಳ್ಕೊಂಡು ಬರಿ.'

ಹೋದೆ. ಮುದುಕಿ ಜಗಲಿ ಮೇಲೆ ಶುಂಠಿ ಬಿಡಿಸುತ್ತಾ ಕೂತಿತ್ತು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿತು.

'ಎಷ್ಟು ಅಂತ ಹೇಳವ್ನೆ?'

'ಮುನ್ನೂರು ಅಂದ ಕಣವ್ವಾ.'

'ನಾನೂರ ಐವತ್ತು. ಮದ್ಲು ಅದ ಸರ್ಯಾಗಿ ಬರ್ಕೊ.'