ಸುರಾಜ್ಯವೂ ಸ್ವರಾಜ್ಯವೂ

ಸ್ವಾತಂತ್ರ್ಯವನ್ನು ಕುರಿತು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ಊರುಗಳಲ್ಲಿ ಉಪನ್ಯಾಸಗಳು ನಡೆಯುವಾಗ ಸಾಮಾನ್ಯವಾಗಿ ಒಂದೇ ಕಥಾಕ್ರಮವು ಕಾಣಬರುತ್ತದೆ: ಪರದೇಶೀಯನು ಬಂದನು, ಆಳಿದನು, ಪೀಡಿಸಿದನು, ಹೊರಟುಹೋದನು. ಕೇಳುವವರಿಗೆ ಇದು ಹಿತವಾದ ಕಥೆ. ತಪ್ಪೆಲ್ಲವನ್ನೂ ಅವನು ತನ್ನೊಡನೆ ಹಡಗಿಗೇರಿಸಿಕೊಂಡು ಹೋದಂತಾಗುತ್ತದೆ. ಆದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಈ ಕಥೆಗೆ ಹೊಂದುವುದಿಲ್ಲ. ಅಲ್ಲಿ 1938ನೆಯ ಏಪ್ರಿಲ್ 25ರಂದು ಜನರ ಮೇಲೆ ಗುಂಡು ಹಾರಿಸಿದವರು ಇಂಗ್ಲಿಷರ ದಂಡಿನವರಲ್ಲ. ಮೈಸೂರು ಸಂಸ್ಥಾನದ ಪೋಲೀಸರು.

ಅದೇ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಕೂಡಿ, ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮೀರಿ ತ್ರಿವರ್ಣ ಧ್ವಜವನ್ನೇರಿಸಿತ್ತು. ವಿದುರಾಶ್ವತ್ಥದಲ್ಲಿಯೂ ಸಭೆ ಸೇರಕೂಡದೆಂದು ಆಜ್ಞೆಯಾಗಿತ್ತು, ಜಾತ್ರೆಯ ಕಾಲವಾದುದರಿಂದ ಜನರು ಸಾವಿರಗಟ್ಟಲೆ ನೆರೆದಿದ್ದರು, ಸಭೆ ಸೇರಿತು. ಸತ್ತವರು ಹತ್ತು ಮಂದಿಯೆಂದು ಸರ್ಕಾರದ ಲೆಕ್ಕ, ಮೂವತ್ತಕ್ಕೂ ಮೇಲೆಂದು ಜನರ ಲೆಕ್ಕ. ಸತ್ತವರ ಎಣಿಕೆಯಲ್ಲಿಯೂ ಆಳುವವರಿಗೂ ಆಳಿಸಿಕೊಳ್ಳುವವರಿಗೂ ಒಮ್ಮತವಾಗಲಿಲ್ಲ.

ಇಷ್ಟರಿಂದ ಆ ಸಂಸ್ಥಾನವು ದುರಾಡಳಿತದ ಬೀಡಾಗಿತ್ತೆಂದು ತಿಳಿದರೆ ಅನ್ಯಾಯವಾದೀತು. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕರೆದ ರಾಜ್ಯ ಅದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒಯ್ದ ರಾಜ್ಯ. ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಿಂದ 1918ರ ವರೆಗೆ ಅದಕ್ಕೆ ದಿವಾನರಾಗಿದ್ದರು. ಗಾಂಧೀಜಿಯವರು 1927ರಲ್ಲಿ ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿ ತಂಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯನ್ನು ಅವರು ಕೊಂಡಾಡಿದುದು ಪ್ರಸಿದ್ಧವಾಗಿಯೇ ಇದೆ. ಇಂಥ ರಾಜ್ಯದ ಪ್ರಜೆಗೆ, ನೀರೂ ಬೆಳಕೂ ಶಾಲೆಯೂ ದೊರೆತಿರಲು ಇನ್ನೇನು ಬೇಕು ಎಂಬ ಪ್ರಶ್ನೆಯನ್ನು ಆ ಕಾಲದ ಪ್ರಾಮಾಣಿಕರೂ ಕೇಳಿದ್ದುಂಟು. ಅದನ್ನು ನಕ್ಕು ತಳ್ಳಿಹಾಕುವುದು ಸುಲಭ, ಉತ್ತರಿಸುವುದು ಸುಲಭವಲ್ಲ. ಹಸಿದವನ ಮುಂದೆ ಮತದ ಹಕ್ಕನ್ನು ಹೊಗಳುವವನು ಹೊಟ್ಟೆ ತುಂಬಿದವನೇ ಆಗಿರುತ್ತಾನೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ.

ಆದರೂ ಸುರಾಜ್ಯದಲ್ಲಿ ಒಂದು ಕೊರತೆಯುಂಟು. ಅಲ್ಲಿ ಪ್ರಜೆಗೆ ಬರುವುದೆಲ್ಲವೂ ಪ್ರಸಾದವಾಗಿ ಬರುತ್ತದೆ. ಪ್ರಸಾದವನ್ನು ಕೊಡುವವನಿಗೆ ಅದನ್ನು ಕೊಡದಿರುವ ಅಧಿಕಾರವೂ ಇರುತ್ತದೆ. ಪ್ರಜೆಯು ಅದನ್ನು ಸ್ವೀಕರಿಸುವವರೆಗೆ ಅರಸನು ತಂದೆ, ಅವನು ಮಗ. ಲೆಕ್ಕ ಕೇಳಲು ಎದ್ದು ನಿಂತ ಕ್ಷಣದಲ್ಲಿ ಮಗನು ಅಪರಾಧಿಯಾಗುತ್ತಾನೆ. ಈ ಸಂಬಂಧದಲ್ಲಿ ತಂದೆ ಕೆಟ್ಟವನಾಗಿರಬೇಕೆಂಬ ಅಗತ್ಯವೇ ಇಲ್ಲ.

ಆ ಸ್ಥಳಕ್ಕೆ ವಿದುರನ ಹೆಸರಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಅಶ್ವತ್ಥವನ್ನು ನೆಟ್ಟವನು ವಿದುರನೆಂಬುದು ಐತಿಹ್ಯ, ಅದರ ನಿಜಾನಿಜವಂತಿರಲಿ. ಭಾರತದ ವಿದುರನು ಹೇಳಬೇಕಾದ ಅಪ್ರಿಯವನ್ನು ಶತ್ರುವಿಗಲ್ಲ, ತನ್ನ ಅಣ್ಣನಾದ ಅರಸನಿಗೇ ಹೇಳಿದವನು. ಪಾಂಡವರು ಕಾಡಿಗೆ ಹೋದ ಮೇಲೆ ಅವರ ಪರವಾಗಿ ಮಾತನಾಡಿದುದಕ್ಕೆ ಧೃತರಾಷ್ಟ್ರನು ಸಿಟ್ಟಾಗಿ, ಬೇಕಾದಲ್ಲಿಗೆ ಹೋಗೆಂದನು. ವಿದುರನು ಕಾಮ್ಯಕವನಕ್ಕೆ ಹೊರಟುಹೋದನು. ಬಳಿಕ ಪಶ್ಚಾತ್ತಾಪದಿಂದ ಸಂಜಯನನ್ನು ಕಳುಹಿಸಿ, ಅವನನ್ನು ಕರೆಯಿಸಿ ಅಪ್ಪಿಕೊಂಡನು. ತಮ್ಮನು ಮರಳಿ ಬೇಕಾದನು; ಅವನ ಮಾತು ಮಾತ್ರ ಬೇಕಾಗಲಿಲ್ಲ.

ಮೈಸೂರಿನಲ್ಲಿ ನಡೆದುದು ಇದಕ್ಕಿಂತ ಮೇಲು. ಗೋಲಿಬಾರಿನ ವಿಚಾರಣೆಗೆ ನ್ಯಾಯಾಧೀಶರಾಗಿದ್ದ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆಯಾಡಿ, ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ತ್ರಿವರ್ಣವೂ ಹಾರಬಹುದೆಂದಾಯಿತು. ಆದರೆ ಜವಾಬ್ದಾರಿ ಸರ್ಕಾರವು ಬರಲಿಲ್ಲ. 1947ನೆಯ ಆಗಸ್ಟ್ 15ರಂದು ಇಂಗ್ಲಿಷರು ಬಿಟ್ಟುಹೋದ ಮೇಲೂ ಮೈಸೂರಿನ ಜನ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಹೊರಡಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದುದು ಅಕ್ಟೋಬರಿನಲ್ಲಿ. ಪರಕೀಯನು ತೊಲಗಿದುದಕ್ಕೂ ಪ್ರಜೆಯು ಸ್ವತಂತ್ರನಾದುದಕ್ಕೂ ನಡುವೆ ಇದ್ದ ಆ ಎರಡು ತಿಂಗಳುಗಳನ್ನು ಉಪನ್ಯಾಸಕರು ಮರೆಯುವುದೇ ಹೆಚ್ಚು.

ಹಾಗಾದರೆ ಇಂಗ್ಲಿಷನ ಪಾಲೇನೂ ಇಲ್ಲವೆ? ಉಂಟು, ಆದರೆ ಅದು ಬಂದೂಕಿಗಿಂತ ಕಾಗದದಲ್ಲಿ ಹೆಚ್ಚು. ಸಂಸ್ಥಾನದ ದಂಡನೆಯ ಕಾನೂನುಗಳು ಬ್ರಿಟಿಷ್ ಇಂಡಿಯದ ಕಾನೂನುಗಳ ಅಚ್ಚಿನಲ್ಲಿಯೇ ಎರೆದವು. ಜನ ಸೇರುವುದನ್ನೇ ಅಪಾಯವೆಂದು ಮೊದಲೇ ಭಾವಿಸಿ, ಒಬ್ಬ ಅಧಿಕಾರಿಯ ರುಜುವಿನಿಂದ ಅದನ್ನು ತಡೆಯುವ ವಿದ್ಯೆಯನ್ನು ಸ್ವದೇಶೀಯನು ಪರದೇಶೀಯನಿಂದ ಚೆನ್ನಾಗಿ ಕಲಿತಿದ್ದನು. ದೊಂಬಿ ನಡೆದು ಮನೆಗಳು ಉರಿಯುವಾಗ ಅಂಥ ಆಜ್ಞೆಯಿಂದ ಪ್ರಾಣಗಳು ಉಳಿದಾವು, ಅದನ್ನು ಒಪ್ಪಬೇಕು. ಜಾತ್ರೆಗೆ ಬಂದವರು ಭಾಷಣ ಕೇಳುವುದು ದೊಂಬಿಯಲ್ಲ. ಬ್ರಿಟಿಷ್ ಇಂಡಿಯದ 1898ರ ಸಂಹಿತೆಯಲ್ಲಿ ಈ ಅಧಿಕಾರವನ್ನು ಕೊಟ್ಟಿದ್ದ 144ನೆಯ ಕಲಮು, ಗಣರಾಜ್ಯವು 1973ರಲ್ಲಿ ಮಾಡಿಕೊಂಡ ಸಂಹಿತೆಯಲ್ಲಿಯೂ ಅದೇ ಅಂಕಿಯಲ್ಲಿ ನಿಂತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದರ ಅಂಕಿ 163.