ಬಡ್ಡಿ ಕೇಳದವರ ಸಾಲ

ಪ್ರವಾದಿವರ್ಯರ(ಸ) ಮುಂದೆ ಒಂದು ಜನಾಝಾವನ್ನು ತಂದಿರಿಸಲಾಯಿತು. ಮೃತರ ಮೇಲೆ ಸಾಲವೇನಾದರೂ ಇದೆಯೇ ಎಂದು ಅವರು ವಿಚಾರಿಸಿದರು. ಮೂರು ದೀನಾರ್ ಸಾಲವಿದೆಯೆಂದೂ ಅದನ್ನು ತೀರಿಸಲು ಅವರು ಏನನ್ನೂ ಬಿಟ್ಟುಹೋಗಿಲ್ಲವೆಂದೂ ತಿಳಿದುಬಂತು. ಆಗ ನಮಾಝನ್ನು ನೀವೇ ನಿರ್ವಹಿಸಿರಿ ಎಂದು ಹೇಳಿ ಪ್ರವಾದಿವರ್ಯರು(ಸ) ಹಿಂದೆ ಸರಿದರು. ಅಬೂ ಖತಾದಾ(ರ) ಮುಂದೆ ಬಂದು, ಆ ಸಾಲದ ಹೊಣೆ ತನಗಿರಲಿ ಎಂದ ಬಳಿಕವೇ ನಮಾಝ್ ನಡೆಯಿತು.

ಈ ಘಟನೆಯನ್ನು ನಾವೆಲ್ಲ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಕೇಳುವಾಗ ನಮ್ಮ ಮನೆಸಾಲದ ಮೂವತ್ತು ಲಕ್ಷ ನಮಗೆ ನೆನಪಾಗುವುದೇ ಇಲ್ಲ. ಪ್ರತಿ ತಿಂಗಳು ಐದನೇ ತಾರೀಕಿಗೆ ಕಂತು ತಾನಾಗಿ ಕಟ್ಟಿಹೋಗುತ್ತದೆ. ಕರೆಂಟ್ ಬಿಲ್, ಹಾಲಿನ ಲೆಕ್ಕದಂತೆ ಅದೂ ಒಂದು ಖರ್ಚು ಎನಿಸಿಬಿಟ್ಟಿದೆ. ಸಾಲ ಎಂಬ ಶಬ್ದದಲ್ಲಿದ್ದ ಭಾರವನ್ನು ಕಂತು ಎಂಬ ಶಬ್ದ ಹಗುರಗೊಳಿಸಿದೆ.

ಬೆಂಗಳೂರಿನ ಹೂಡಿಯ ಒಂದು ಕುಟುಂಬದ ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ಕೆರೆ, ತೋಟಗಳಿದ್ದ ಈ ಹಳ್ಳಿಯ ಪಕ್ಕದಲ್ಲೇ 1990ರ ದಶಕದಲ್ಲಿ ಐಟಿಪಿಎಲ್ ಎದ್ದು ನಿಂತಿತು. 2023ರ ಮಾರ್ಚ್‌ನಲ್ಲಿ ಮೆಟ್ರೋ ಕೂಡ ಬಂತು. ಅದರೊಂದಿಗೆ ಮನೆಗಳ ಬೆಲೆಯೂ ಏರುತ್ತಾ ಹೋಯಿತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದು, 'ನಿಮ್ಮವರಿಗೆ ಕೊಡುವುದಿಲ್ಲ' ಎಂಬ ಮಾತನ್ನೂ ಒಂದೆರಡು ಕಡೆ ಕೇಳಿಸಿಕೊಂಡು ಸಾಕಾದ ಈ ಗಂಡ ಹೆಂಡತಿ 2019ರಲ್ಲಿ ಅಲ್ಲೊಂದು ಪುಟ್ಟ ಫ್ಲ್ಯಾಟ್ ಕೊಂಡರು. ಬ್ಯಾಂಕಿನಿಂದ ಮೂವತ್ತು ಲಕ್ಷ ಸಾಲ, ಇಪ್ಪತ್ತು ವರ್ಷದ ಅವಧಿ.

ಬಡ್ಡಿಯ ಸಾಲವನ್ನು ಅವರು ತೆಗೆದುಕೊಂಡದ್ದು ಸರಿಯೇ ಎಂದು ನೀವು ಕೇಳಬಹುದು. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿವರ್ಯರು(ಸ) ಶಪಿಸಿರುವುದು ನಮಗೆಲ್ಲ ಗೊತ್ತು. ಇನ್ನೊಂದೆಡೆ, ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ನಾಡುಗಳಲ್ಲಿ ಬೇರೆ ದಾರಿಯಿಲ್ಲದಿದ್ದರೆ ವಾಸದ ಮನೆಗಾಗಿ ಇದಕ್ಕೆ ಷರತ್ತಿನ ಅವಕಾಶವಿದೆಯೆಂದು 1999ರಲ್ಲಿ ಯುರೋಪಿನ ಫತ್ವಾ ಮಂಡಳಿ ಹೇಳಿತು. ಅನೇಕ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿಯೇ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ವಿಚಾರವನ್ನು ಕೈಬಿಟ್ಟಿತು. ಈ ಚರ್ಚೆಯನ್ನು ಇಲ್ಲಿ ಮುಂದುವರಿಸುವುದಿಲ್ಲ. ನನ್ನ ಪ್ರಶ್ನೆಯಿರುವುದು ಈಗಾಗಲೇ ಒಳಗೆ ಕಾಲಿಟ್ಟವರ ಕುರಿತು. ಅನಿವಾರ್ಯತೆಯನ್ನು ಅದರ ಅಳತೆಯಷ್ಟೇ ಬಳಸಬೇಕೆಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಅನಿವಾರ್ಯವೆಂದು ಒಳಗೆ ಹೋದವನು ಹೊರಬರಲು ಸಾಧ್ಯವಾದ ದಿನವೇ ಹೊರಬರಬೇಕು. ಇಪ್ಪತ್ತು ವರ್ಷದ ಅವಧಿಯನ್ನು ಬರೆದದ್ದು ಬ್ಯಾಂಕು. ನಮ್ಮ ಅನಿವಾರ್ಯತೆಯೂ ಅಷ್ಟೇ ಉದ್ದವಿದೆಯೆಂದು ಯಾರೂ ಹೇಳಿಲ್ಲ.

ಈ ದಂಪತಿಗಳಿಗೆ ಅದು ಅರ್ಥವಾಗಿತ್ತು. ಲೆಕ್ಕವನ್ನೂ ಮಾಡಿದ್ದರು. ಮೂವತ್ತು ಲಕ್ಷಕ್ಕೆ ಶೇಕಡಾ ಎಂಟೂವರೆ ಬಡ್ಡಿಯಾದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. ಇಪ್ಪತ್ತು ವರ್ಷ ಹೀಗೆಯೇ ಕಟ್ಟಿದರೆ ಬಡ್ಡಿಯೊಂದೇ ಮೂವತ್ತೆರಡು ಲಕ್ಷ ದಾಟುತ್ತದೆ. ಅಂದರೆ ಇನ್ನೊಂದು ಮನೆಯ ಸಾಲದಷ್ಟು! ಆರಂಭದಿಂದಲೇ ತಿಂಗಳಿಗೆ ಐದು ಸಾವಿರ ಹೆಚ್ಚು ಕಟ್ಟುತ್ತಾ ಹೋದರೆ ಸಾಲ ಹದಿಮೂರೂವರೆ ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹನ್ನೊಂದು ಲಕ್ಷಕ್ಕೂ ಮಿಕ್ಕಿ ಬಡ್ಡಿ ಉಳಿಯುತ್ತದೆ. ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿದರದ ಮನೆಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಆದೇಶಿಸಿದೆ. ಹೆಚ್ಚು ಹಣ ಕಟ್ಟುವಾಗ ಕಂತನ್ನು ಕಡಿಮೆ ಮಾಡುವುದು ಬೇಡ, ಅವಧಿಯನ್ನೇ ಕಡಿಮೆ ಮಾಡಿರಿ ಎಂದು ಬರೆದು ಕೊಡಬೇಕು, ಅಷ್ಟೇ. ಇಷ್ಟನ್ನೂ ತಿಳಿಯದೆ ವರ್ಷಗಟ್ಟಲೆ ಸುಮ್ಮನೆ ಕಟ್ಟುತ್ತಿರುವ ಎಷ್ಟು ಮನೆಗಳಿವೆಯೋ!

'ತೀರಿಸಬೇಡಿ, ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ' ಎಂದು ಸಲಹೆ ಕೊಡುವವರೂ ಇದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಎರಡು ಲಕ್ಷದವರೆಗಿನ ಬಡ್ಡಿಗೆ ಆ ವಿನಾಯಿತಿ ಇರುವುದು ನಿಜ. ಆದರೆ ಅರುವತ್ತು ಸಾವಿರ ತೆರಿಗೆ ಉಳಿಸಲು ಎರಡು ಲಕ್ಷ ಬಡ್ಡಿ ಕೊಡುವುದು ಯಾವ ಜಾಣತನ? ಹೊಸ ಪದ್ಧತಿಯಲ್ಲಂತೂ ಸ್ವಂತ ವಾಸದ ಮನೆಗೆ ಆ ರಿಯಾಯಿತಿಯೇ ಇಲ್ಲ.

ಇನ್ನು ವಿಷಯಕ್ಕೆ ಬರೋಣ. ಬ್ಯಾಂಕು ಮನೆಯ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ನೋಂದಣಿಯ ಖರ್ಚೂ ಬೇರೆ. ಆ ಅಂತರವನ್ನು ನಮ್ಮ ಮನೆಗಳಲ್ಲಿ ತುಂಬಿಸುವುದು ಸಾಮಾನ್ಯವಾಗಿ ಬಂಧುಗಳು. ಇವರಿಗೆ ತುಂಬಿಸಿದವರು ಚಿಂತಾಮಣಿಯಲ್ಲಿರುವ ಗಂಡನ ಅಕ್ಕ. ತನ್ನ ಎಂಬತ್ತು ಗ್ರಾಂ ಬಳೆ, ಸರಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ತಮ್ಮನ ಕೈಗಿತ್ತರು. ಅದನ್ನು ಮಾರಿದಾಗ ಎರಡೂವರೆ ಲಕ್ಷ ಬಂತು. ಯಾವ ಕಾಗದವೂ ಇಲ್ಲ, ಅವಧಿಯೂ ಇಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ.

ಈಗ ತಮ್ಮನ ಕೈಯಲ್ಲಿ ಮೂರು ಲಕ್ಷ ಉಳಿತಾಯವಿದೆ. ಅದನ್ನು ಬ್ಯಾಂಕಿಗೆ ಕಟ್ಟಲೇ ಎಂದು ಅವರು ನನ್ನಲ್ಲಿ ಕೇಳಿದರು. ಅಕ್ಕನ ವಿಷಯ ಎತ್ತಿದಾಗ, 'ಅವರೇ ಹೇಳಿದ್ದಾರಲ್ಲ, ಇರಲಿ ಬಿಡು ತಮ್ಮಾ, ನಿನ್ನ ಬ್ಯಾಂಕಿನದು ಮೊದಲು ಮುಗಿಯಲಿ ಅಂತ' ಎಂದರು.

ಪ್ರಿಯ ಓದುಗರೇ, ಲೆಕ್ಕದ ಪುಸ್ತಕವನ್ನು ಕೇಳಿದರೆ ಉತ್ತರ ಸುಲಭ. ಬ್ಯಾಂಕಿಗೆ ಕೊಟ್ಟ ಮೂರು ಲಕ್ಷ ಒಂದೇ ವರ್ಷದಲ್ಲಿ ಇಪ್ಪತ್ತೈದು ಸಾವಿರ ಬಡ್ಡಿ ಉಳಿಸುತ್ತದೆ. ಅಕ್ಕನಿಗೆ ಕೊಟ್ಟರೆ ಒಂದು ರೂಪಾಯಿಯೂ ಉಳಿಯದು. ಲೆಕ್ಕದ ಪ್ರಕಾರ, ಹಿಂಸಿಸುವ ಸಾಲಗಾರನಿಗೆ ಮೊದಲು ಕೊಡಬೇಕು, ಕರುಣೆ ತೋರಿದವರನ್ನು ಕೊನೆಗೆ ನಿಲ್ಲಿಸಬೇಕು. ಧರ್ಮದ ಮಾತನ್ನೂ ಇದಕ್ಕೆ ಜೋಡಿಸಬಹುದು: ಬಡ್ಡಿ ಮಹಾಪಾಪ, ಅದರಿಂದ ಬೇಗ ಹೊರಬರುವುದು ಮೊದಲ ಕರ್ತವ್ಯ, ಅಕ್ಕನದು ಕರ್ಝ್ ಹಸನ, ಅದು ಕಾಯಬಹುದು.

ಈ ವಾದವನ್ನು ಕೇಳಿದಾಗ ಮೊದಲಿಗೆ ನನಗೂ ಸರಿಯೆನಿಸಿತ್ತು. ಯೋಚಿಸಿದಂತೆ ಅದರ ಬಿರುಕು ಕಾಣತೊಡಗಿತು. ಬಡ್ಡಿಯ ಒಪ್ಪಂದಕ್ಕೆ ಸಹಿ ಹಾಕಿದವರು ತಮ್ಮ. ತೌಬಾ ಮಾಡಬೇಕಾದವರೂ ಅವರೇ. ಅಕ್ಕನ ಚಿನ್ನವನ್ನು ತಡೆದಿಟ್ಟು ಬ್ಯಾಂಕಿಗೆ ಬೇಗ ಕಟ್ಟಿದರೆ ತಮ್ಮನ ತೌಬಾದ ಖರ್ಚನ್ನು ಅಕ್ಕ ಭರಿಸಿದಂತಾಗುತ್ತದೆ. ಬ್ಯಾಂಕಿಗಾದರೋ ತಿಂಗಳ ಕಂತು ತಪ್ಪದೆ ಹೋಗುತ್ತಿದೆ, ಅವಧಿಗೆ ಮುಂಚೆ ಕೊಡಿ ಎಂದು ಅದು ಕೇಳಿಲ್ಲ. ಅಕ್ಕನಿಗೆ ಆರು ವರ್ಷಗಳಿಂದ ಏನೂ ಹೋಗಿಲ್ಲ. ತೀರಿಸಲು ಶಕ್ತನಾದವನು ವಿಳಂಬ ಮಾಡುವುದು ಅನ್ಯಾಯವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬಡ್ಡಿ ಕೇಳದವರಿಗಾದರೆ ವಿಳಂಬ ಮಾಡಬಹುದು ಎಂಬ ವಿನಾಯಿತಿ ಅಲ್ಲಿಲ್ಲ.

'ಇರಲಿ ಬಿಡು' ಎಂಬ ಮಾತನ್ನು ಅಕ್ಕ ಯಾವಾಗ ಹೇಳಿದ್ದು ಎಂದು ಕೇಳಿದೆ. ಮೂರು ವರ್ಷದ ಹಿಂದಿನ ಈದ್‌ನಲ್ಲಂತೆ. ಈಗ ಅವರ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಅಕ್ಕಂದಿರು ತಮ್ಮನ ಮುಂದೆ 'ನನ್ನ ಬಳೆ ಕೊಡು' ಎಂದು ಬಾಯಿಬಿಟ್ಟು ಕೇಳುವುದುಂಟೇ? ಸಂಕೋಚದ ಮೌನವನ್ನು ನಾವು ಅನುಮತಿಯೆಂದು ಓದಿಕೊಳ್ಳುತ್ತೇವೆ, ನಮಗೆ ಅನುಕೂಲವಾಗಿರುವುದರಿಂದ.

ಇನ್ನೂ ಗಂಭೀರವಾದ ಪ್ರಶ್ನೆಯಿದೆ. ಕೊಡಬೇಕಾದದ್ದು ಎಷ್ಟು? 2019ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಮೂವತ್ತೈದು ಸಾವಿರದ ಆಸುಪಾಸಿನಲ್ಲಿತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಅಂದು ಎರಡೂವರೆ ಲಕ್ಷಕ್ಕೆ ಮಾರಿದ ಒಡವೆಯ ತೂಕದ ಚಿನ್ನಕ್ಕೆ 2025ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಬೇಕಿತ್ತು. ಚಿನ್ನವನ್ನೇ ಸಾಲವಾಗಿ ಕೊಟ್ಟಿದ್ದರೆ ಅದೇ ತೂಕದ, ಅದೇ ಗುಣಮಟ್ಟದ ಚಿನ್ನವನ್ನೇ ಹಿಂದಿರುಗಿಸಬೇಕು. ಬೆಲೆ ಏರಿದ್ದರಿಂದ ಅದು ಬಡ್ಡಿಯಾಗುವುದಿಲ್ಲ, ತೂಕಕ್ಕೆ ತೂಕ ಸಮವಾಗಿದೆ. 'ಇದನ್ನು ಮಾರಿ ಬಂದ ಹಣವನ್ನು ನೀನು ಸಾಲವಾಗಿ ಇಟ್ಟುಕೋ' ಎಂದಿದ್ದರೆ ಸಾಲವಿರುವುದು ರೂಪಾಯಿಯಲ್ಲಿ. ಹಾಗಾದರೆ ಆ ದಿನ ಹೇಳಿದ್ದೇನು? ತಮ್ಮನಿಗೆ ನೆನಪಿಲ್ಲ. ಅಕ್ಕನಿಗೂ ಸ್ಪಷ್ಟವಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತು ಎಂದು ಬಲ್ಲಿರಾ? ಸಾಲವನ್ನು ಬರೆದಿಡುವ ಕುರಿತು. ಸಾಲ ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದರಲ್ಲಿದೆ. ನಾವೋ, ಬ್ಯಾಂಕಿನವರು ಇಟ್ಟ ಹಾಳೆಗಳಿಗೆಲ್ಲ ಓದದೆ ಸಹಿ ಹಾಕುತ್ತೇವೆ, ಅಕ್ಕನಿಗೆ ಒಂದು ಚೀಟಿ ಬರೆದುಕೊಟ್ಟರೆ ಸಂಬಂಧ ಕೆಡುತ್ತದೆ ಎನ್ನುತ್ತೇವೆ.

ಒಬ್ಬ ಆಲಿಮರ ಬಳಿ ಇಬ್ಬರೂ ಕುಳಿತು ಇದನ್ನು ಬಗೆಹರಿಸಿಕೊಳ್ಳಿ ಎಂದು ಹೇಳಿದೆ. ಒಂದು ವೇಳೆ ಬಾಕಿಯಿರುವುದು ಎರಡೂವರೆ ಲಕ್ಷವೇ ಎಂದು ತೀರ್ಮಾನವಾದರೂ ಅಲ್ಲಿಗೆ ಕೈತೊಳೆದುಕೊಳ್ಳಲು ಮನಸ್ಸು ಒಪ್ಪಬಾರದು. ಪ್ರವಾದಿವರ್ಯರು(ಸ) ಒಬ್ಬನಿಗೆ ಒಂದು ಒಂಟೆ ಕೊಡಬೇಕಾಗಿತ್ತು. ಅದೇ ವಯಸ್ಸಿನದು ಸಿಗದಿದ್ದಾಗ ಅದಕ್ಕಿಂತ ಉತ್ತಮವಾದುದನ್ನು ಕೊಡಿಸಿದರು. ಷರತ್ತು ಹಾಕಿ ಹೆಚ್ಚು ಪಡೆಯುವುದು ಬಡ್ಡಿ. ಷರತ್ತಿಲ್ಲದೆ ಸಂತೋಷದಿಂದ ಹೆಚ್ಚು ಕೊಡುವುದು ಪ್ರವಾದಿಚರ್ಯೆ.

ಬೇಗ ತೀರಿಸುವ ಹುಮ್ಮಸ್ಸಿನಲ್ಲಿ ಕುಗ್ಗುವ ಇನ್ನೊಂದು ಹಕ್ಕು ಪತ್ನಿಯದು. ಈ ಮನೆಯಲ್ಲಿ ಹೆಂಡತಿಯೂ ದುಡಿಯುತ್ತಾರೆ. ಹೆಚ್ಚುವರಿ ಕಂತು ಹೋಗುವುದು ಅವರ ಸಂಬಳದಿಂದ. ಫ್ಲ್ಯಾಟ್ ಮಾತ್ರ ಗಂಡನೊಬ್ಬನ ಹೆಸರಿನಲ್ಲಿದೆ. ಸ್ತ್ರೀಯ ಮಹ್ರ್ ಆಗಲಿ ದುಡಿಮೆಯಾಗಲಿ ಆಕೆಯದೇ ಸೊತ್ತು. ಆಕೆ ಮನಃಪೂರ್ವಕ ಬಿಟ್ಟುಕೊಟ್ಟರಷ್ಟೇ ಗಂಡನಿಗೆ ಅದು ಧರ್ಮಸಮ್ಮತ. 'ನಮ್ಮ ಮನೆಯಲ್ಲವೇ' ಎಂಬ ಮಾತಿನಿಂದ ಆ ಅನುಮತಿ ಸಿಕ್ಕಂತಾಗುವುದಿಲ್ಲ. ಆ ಹಣ ದಾನವೋ, ಸಾಲವೋ, ಮನೆಯಲ್ಲಿ ಪಾಲೋ ಎಂಬುದನ್ನು ಇಬ್ಬರೂ ಮಾತಾಡಿ ಬರೆದಿಡಲಿ. ಗಂಡ ತೀರಿಕೊಂಡರೆ ಮನೆ ವಾರಸುದಾರರಲ್ಲಿ ಹಂಚಿಕೆಯಾಗುತ್ತದೆ. ಮಕ್ಕಳಿದ್ದರೆ ಪತ್ನಿಯ ಪಾಲು ಎಂಟರಲ್ಲಿ ಒಂದು. ತಾನೇ ಕಟ್ಟಿದ ಮನೆಯಲ್ಲಿ!

ಝಕಾತಿನ ಬಗ್ಗೆಯೂ ಒಂದು ಮಾತು. 'ನನಗೆ ಮೂವತ್ತು ಲಕ್ಷ ಸಾಲವಿದೆ, ನನಗೆಲ್ಲಿಯ ಝಕಾತ್' ಎಂದು ಲಾಕರಿನಲ್ಲಿ ಚಿನ್ನ ಇಟ್ಟುಕೊಂಡವರೂ ಹೇಳುತ್ತಾರೆ. ದೀರ್ಘಾವಧಿಯ ಸಾಲದಲ್ಲಿ ಆಗಲೇ ಬಾಕಿಯಾದ ಅಥವಾ ಹೆಚ್ಚೆಂದರೆ ಆ ವರ್ಷ ಕೊಡಬೇಕಾದ ಕಂತುಗಳನ್ನಷ್ಟೇ ಕಳೆಯಬಹುದು ಎಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಅಭಿಪ್ರಾಯಭೇದವಿದೆ, ನಿಜ. ಆದರೆ ಇಪ್ಪತ್ತು ವರ್ಷ ಬಡವನಿಗೆ ಏನೂ ತಲುಪದಂತೆ ಮಾಡುವ ಲೆಕ್ಕವನ್ನು ಎರಡು ಸಲ ಪರಿಶೀಲಿಸುವುದು ಒಳ್ಳೆಯದು.

ಹಾಗೆಂದು ಕೈಯಲ್ಲಿದ್ದ ಕೊನೆಯ ರೂಪಾಯಿಯನ್ನೂ ತೆಗೆದು ಕೊಡುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಬೇಕು. ವೈಟ್‌ಫೀಲ್ಡಿನ ಕೆಲಸಗಳು ಬೆಳಿಗ್ಗೆ ಇದ್ದು ಸಂಜೆ ಇಲ್ಲವಾಗುವುದನ್ನು ಅಲ್ಲಿಯವರು ಕಂಡಿದ್ದಾರೆ. ಆರು ತಿಂಗಳ ಮನೆಖರ್ಚನ್ನು ಬದಿಗಿಟ್ಟು ಉಳಿದುದನ್ನು ಕೊಡಿ. ಬೇಗ ತೀರಿಸಬೇಕೆಂಬ ಆಸೆಯಿಂದ ಹಣ ಬೆಳೆಸಲು ಹೋಗುವುದಂತೂ ಬೇಡ. ಹಲಾಲ್ ಲಾಭದ ಹೆಸರು ಹೇಳಿ ಬೆಂಗಳೂರಿನಲ್ಲಿ ನಮ್ಮವರಿಂದಲೇ ಹಣ ಸಂಗ್ರಹಿಸಿದ ಐ.ಎಂ.ಎ. 2019ರ ಜೂನ್‌ನಲ್ಲಿ ಮುಳುಗಿದಾಗ ಸಾವಿರಾರು ಮನೆಗಳ ಉಳಿತಾಯ ಅದರೊಂದಿಗೆ ಹೋಯಿತು.

ಝುಬೈರ್ ಬಿನ್ ಅವ್ವಾಮ್(ರ) ಹುತಾತ್ಮರಾದಾಗ ಅವರಿಗೆ ಮದೀನಾದಲ್ಲೇ ಹನ್ನೊಂದು ಮನೆಗಳಿದ್ದವು, ಜೊತೆಗೆ ಇಪ್ಪತ್ತೆರಡು ಲಕ್ಷದ ಸಾಲವೂ ಇತ್ತು. ಮಗ ಅಬ್ದುಲ್ಲಾ(ರ) ಭೂಮಿ ಮಾರಿ ಸಾಲ ತೀರಿಸಿದರು. ವಾರಸುದಾರರು ಪಾಲು ಕೇಳಿದಾಗ ಒಪ್ಪಲಿಲ್ಲ. ನಾಲ್ಕು ವರ್ಷ ಹಜ್ಜ್‌ನ ಸಮಯದಲ್ಲಿ, ಝುಬೈರರಿಂದ ಬರಬೇಕಾದುದೇನಾದರೂ ಇರುವವರು ಬಂದು ಪಡೆಯಿರಿ ಎಂದು ಸಾರಿಸಿದ ಬಳಿಕವೇ ಹಂಚಿದರು. ಕೇಳಲು ಬಾರದವರನ್ನು ಅವರು ಹುಡುಕುತ್ತಿದ್ದರು.

ಹೂಡಿಯ ಆ ಸಹೋದರರು ಕಳೆದ ತಿಂಗಳು ಚಿಂತಾಮಣಿಗೆ ಹೋಗಿ ಬಂದರು. ಆಲಿಮರ ಬಳಿ ಮಾತಾಯಿತು. ಕೊಟ್ಟದ್ದು ಚಿನ್ನವೇ ಎಂದು ಇಬ್ಬರೂ ಒಪ್ಪಿದರು. ಮೂರು ಲಕ್ಷಕ್ಕೆ ಬಂದಷ್ಟು ಚಿನ್ನವನ್ನು ಕೊಂಡು ಅಕ್ಕನ ಕೈಗಿತ್ತು, ಉಳಿದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು. ಬ್ಯಾಂಕಿನ ಹೆಚ್ಚುವರಿ ಕಂತು ಎರಡು ವರ್ಷ ನಿಂತಿರುತ್ತದೆ. ಅಕ್ಕ ಆ ಹಾಳೆಯನ್ನು ಬೇಡ ಬೇಡ ಎನ್ನುತ್ತಲೇ ಮಡಚಿ, ಬಳೆಗಳಿದ್ದ ಡಬ್ಬಿಯಲ್ಲಿ ಇಟ್ಟುಕೊಂಡರಂತೆ.